ಗಾದಿಯ ಕೆಳಗೆ ಸೇರದ ಅಂಚು

ಸಿದ್ರಾಮ ಮಾಮಾ ಯಾರಿಗೇ ಮಚ್ಛರದಾನಿ ಮಾರಲಿ, ಮೊದಲು ಆ ಸೊಳ್ಳೆಪರದೆಯನ್ನು ತಮ್ಮ ತಲೆಮೇಲೆ ಎಳೆದುಕೊಂಡು ಮದುಮಗಳ ಹಾಗೆ ಕುಳಿತುಬಿಡುತ್ತಿದ್ದರು. ಒಳಗಿನಿಂದಲೇ ಗಿರಾಕಿಯನ್ನು ನೋಡಿ, "ಈಗ ಕಡೀರಿ ನೋಡೋಣು" ಎನ್ನುತ್ತಿದ್ದರು. ನಕ್ಕ ಗಿರಾಕಿ ಬರಿಗೈಲಿ ಹೋದದ್ದನ್ನು ನಾನು ಕಂಡಿಲ್ಲ.

ಗಾಣಗಾಪುರದ ಲಾಡ್ಜುಗಳಿಗೆ ಸೊಳ್ಳೆಪರದೆ ಹೊಲಿದುಕೊಡುತ್ತಿದ್ದವರು ಅವರೇ. ನಾನಾಗ ಅತನೂರಿನಿಂದ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು ತಿರುಗುವವ. ಮಧ್ಯಾಹ್ನ ಅವರ ಮಷೀನಿನ ಪಕ್ಕ ಬುಟ್ಟಿ ಇಳಿಸುತ್ತಿದ್ದೆ. ನನ್ನ ಶಾಲೆ ಆ ಮೂಲೆಯೇ.

"ಲೇ ಮಲ್ಯಾ, ಸರಕು ತಗೋವಾಗ ಬೆಲೆ ಕೇಳಿದ ಕೂಡ್ಲೇ ಮುಖ ಸಣ್ಣದು ಮಾಡು. ಎದ್ದು ಹೊಂಟುಬಿಡು. ಕರೀಲಿಲ್ಲಂದ್ರ ಛತ್ರಿ ಮರ್ತವ್ರಂಗ ವಾಪಸ್ ಬಾ" ಎಂದು ಮಾಮಾ ಕಲಿಸುತ್ತಿದ್ದರು.

ಇವತ್ತು ಅಫಜಲಪುರದಲ್ಲಿ ನನ್ನದೇ ಪಾತ್ರೆ ಅಂಗಡಿ ಇದೆ. ಅದರ ಅರ್ಧ ಸರಕು ಬಂದದ್ದು ಆ ಛತ್ರಿಯ ಉಪಾಯದಿಂದ.

ಒಂದು ವರ್ಷ ಹತ್ತಿ ಬಿಡಿಸುವ ಕೆಲಸ ಶುರುವಾಗುವ ಮೊದಲೇ ಊರಲ್ಲಿ ಚಳಿಜ್ವರ ಹಬ್ಬಿತು. "ಗುಳಿಗಿ ಸರ್ಕಾರಿ ದವಾಖಾನಿಯೊಳಗ ಪುಕ್ಕಟೆ ಸಿಗ್ತಾವ. ಜ್ವರದಾಗ ಹೋದ ಕೂಲಿ ಯಾರ್ ಕೊಡ್ತಾರ? ಈಗ ಮಚ್ಛರದಾನಿಗೆ ರೊಕ್ಕ ಹಾಕು" ಎಂದರು ಮಾಮಾ. ಮಾತು ಸರಿಯೇ ಇತ್ತು. ಆದರೂ ಮುಖ ಸಣ್ಣ ಮಾಡಿದೆ, ಎದ್ದು ಹೊರಟೆ, ಛತ್ರಿಗೆಂದು ವಾಪಸ್ ಬಂದೆ. ಅವರು ನಗುತ್ತ ನಾನು ಹೇಳಿದ ಬೆಲೆಗೇ ಒಪ್ಪಿದರು. ಗುರುವನ್ನೇ ಗೆದ್ದೆನೆಂದು ಹಿಗ್ಗಿದೆ. ಯಾರ ಹತ್ತಿರ ಬಟ್ಟೆ ಕೊಂಡರೂ ಮೊಳ ಹಾಕಿ ನೋಡುವವನು ನಾನು. ಮಾಮಾ ಕೊಟ್ಟದ್ದನ್ನು ಅಳೆಯುವುದುಂಟೇ?

ಪರದೆ ನೆಲ ಮುಟ್ಟುತ್ತಿತ್ತು, ಅಷ್ಟೆ. ನೆಲದ ಮೇಲೆ ಹಾಸಿದ ಗಾದಿಯ ಕೆಳಗೆ ಸಿಕ್ಕಿಸಲು ಅಂಚು ಸಾಲದು. ಮಗ್ಗುಲು ಬದಲಿಸಿದರೆ ಅಂಚು ಮೇಲೆದ್ದು ಬಾಯಿ ಬಿಡುತ್ತಿತ್ತು. ಹತ್ತಿ ಒಡೆಯುವ ಹೊತ್ತಿಗೆ ನನ್ನ ಹೆಂಡತಿ ನೀಲಮ್ಮ ಮಲೇರಿಯಾದಲ್ಲಿ ನಡುಗುತ್ತ ಮಲಗಿದಳು. ಅವಳ ಕೂಲಿ ಹೋಯಿತು. ಅವಳನ್ನು ನೋಡಿಕೊಳ್ಳುತ್ತ ನನ್ನ ತಿರುಗಾಟ ನಿಂತಿತು. ದವಾಖಾನೆಗೆ ಹೋಗಿಬರುವ ಜೀಪಿನ ಬಾಡಿಗೆಗಾಗಿ ಪಾತ್ರೆಗಳನ್ನು ಅಸಲಿಗಿಂತ ಕಡಿಮೆಗೆ ಕೊಟ್ಟೆ. ಕೌದಿಯ ಒಳಗಿನಿಂದ ಅವಳು, "ಮಚ್ಛರದಾನಿ ಭಾಳ ಅಗ್ಗಕ್ಕ ತಂದೀರಿ ಬಿಡ್ರಿ" ಎಂದಳು.

ಪರದೆ ಹಿಡಿದು ಗಾಣಗಾಪುರಕ್ಕೆ ಹೋದೆ. ಲಾಡ್ಜಿನವರಿಗೆ ಹೊಲಿದಿಟ್ಟದ್ದರ ಪಕ್ಕ ಹಿಡಿದು ನೋಡಿದರೆ ನನ್ನದು ಒಂದು ಗೇಣು ಗಿಡ್ಡ.

"ನನಗೂ ಹಿಂಗ ಮಾಡೋದೇನ್ರಿ ಮಾಮಾ?"

ಮಷೀನು ತುಳಿಯುತ್ತಲೇ ಹೇಳಿದರು: "ನೀ ಬೆಲೆ ಕಡಿಮಿ ಮಾಡ್ದಿ, ನಾ ಬಟ್ಟಿ ಕಡಿಮಿ ಮಾಡ್ದೆ. ಅಳದು ತಗೋಬೇಕಿತ್ತಲೇ."

"ನಿಮ್ಮ ಕೈಯಾಗಿಂದ ತಗೊಂಡಿದ್ದೆನ್ರಿ."

ಮಷೀನು ನಿಂತಿತು.

ಈಗ ನನ್ನ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ: ಪರದೆಗೆ ಖರ್ಚು ಮಾಡಿ, ಚೌಕಾಸಿಯನ್ನೂ ಮಾಡಿ. ಆದರೆ ಅಂಚು ಹಾಸಿಗೆಯ ಕೆಳಗೆ ಹೋಗುವಷ್ಟು ಉದ್ದವಿದೆಯೇ ಎಂದು ಅಳೆದ ಮೇಲೆಯೇ ಹಣ ಕೊಡಿ. ಮಾರುವವರು ಬೇಕಾದವರಾದರೆ ಎರಡು ಸಲ ಅಳೆಯಿರಿ.

ಮಾಮಾ ಹೋದ ವರ್ಷ ತೀರಿಕೊಂಡರು. ಅದಕ್ಕೂ ಮೊದಲು ಒಮ್ಮೆ ನೋಡಲು ಹೋಗಿದ್ದೆ. ಹಗಲಲ್ಲೂ ಪರದೆಯೊಳಗೆ ಮಲಗಿದ್ದರು. ನನ್ನನ್ನು ಕಂಡು ಕೈ ಹೊರಗೆ ಚಾಚಿದರು. ಹಿಡಿದುಕೊಂಡೆ. ಆ ಗಿಡ್ಡ ಪರದೆಯ ಬಗ್ಗೆ ಏನಾದರೂ ಹೇಳುತ್ತಾರೆಂದು ಕಾದೆ. ಅವರು ಕೈ ಒಳಗೆ ಎಳೆದುಕೊಂಡು, ಉದ್ದನೆಯ ಅಂಚನ್ನು ಗಾದಿಯ ಕೆಳಗೆ ನೀಟಾಗಿ ಸಿಕ್ಕಿಸಿಕೊಂಡರು.