ಅರ್ಧ ಸುತ್ತಿನ ಗೆಳೆತನ

ನಾನು ಪ್ರದಕ್ಷಿಣೆಯ ಮನುಷ್ಯ. ದೇವಸ್ಥಾನಕ್ಕೆ ಹೋಗುವುದು ಅಪರೂಪ. ಆದರೆ ನವಿ ಮುಂಬಯಿಯ ಕೋಪರಖೈರಣೆಯಲ್ಲಿ, ಸಮುದ್ರದ ನೀರು ಒಳನುಗ್ಗುವ ಖಾಡಿಯಂಚಿನ ಜೌಗು ಕೆರೆಯನ್ನು ದಿನಾ ಬೆಳಿಗ್ಗೆ ಬಲಕ್ಕಿಟ್ಟುಕೊಂಡೇ ಸುತ್ತುತ್ತೇನೆ. ನಡುವೆ ಗರ್ಭಗುಡಿಯೇನಿಲ್ಲ. ಕೆಸರು, ಉಪ್ಪುನೀರಿನ ಕಾಂಡ್ಲಾ ಗಿಡಗಳು, ಚಳಿಗಾಲವಾದರೆ ಒಂಟಿಕಾಲಲ್ಲಿ ನಿಂತ ಒಂದಷ್ಟು ಫ್ಲೆಮಿಂಗೊ. ಡಾಕ್ಟರು ನಡೆಯಿರಿ ಎಂದಿದ್ದರು, ಯಾವ ದಿಕ್ಕಿಗೆ ಎಂದು ಹೇಳಿರಲಿಲ್ಲ. ದಿಕ್ಕು ನನ್ನದೇ ಹಟ.

ಬಸಣ್ಣ ಅಪ್ರದಕ್ಷಿಣೆ. ವಿಜಯಪುರದ ಕಡೆಯವರು. ವಾಶಿಯ ಸಗಟು ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿ ಚೀಲ ಹೊತ್ತು ಹೊತ್ತು ಬೆನ್ನು ಕೆಟ್ಟವರು. ನಾನು ಮೈಸೂರಿನವನು, ಬ್ಯಾಂಕಿನಲ್ಲಿ ಕೂತು ಕೂತು ಕೆಡಿಸಿಕೊಂಡವನು. ಮೊದಲ ಸಲ, ನಾನು ಫೋನಿನಲ್ಲಿ ಹೆಂಡತಿಗೆ ಹಾಲಿನ ವಿಷಯ ಹೇಳುತ್ತಿದ್ದುದು ಕಿವಿಗೆ ಬಿದ್ದು, "ನಮ್ಮವ್ರಾ ಏನ್ರಿ ಸರ?" ಎಂದು ಕೇಳುತ್ತಲೇ ದಾಟಿಹೋದರು. ನಾನು ಉತ್ತರ ಕೊಟ್ಟಿದ್ದು ಅರ್ಧ ಸುತ್ತಿನ ನಂತರ, ಕೆರೆಯ ಆಚೆ ದಡದಲ್ಲಿ.

ಎದುರುಬದುರು ನಡೆಯುವವರು ಸುತ್ತಿಗೆ ಎರಡು ಸಲ ಸಿಗುತ್ತಾರೆ. ಸಿಕ್ಕಾಗ ಒಂದು ಮಾತು. ಅವರ ಮನೆಯಲ್ಲಿ ಮಗ ಸೊಸೆಯದು ಮರಾಠಿ, ಮೊಮ್ಮಗಳದು ಹಿಂದಿ. "ಬಾಯಾಗಿನ ಕನ್ನಡ ಇಲ್ಲೇ ಖಾಲಿ ಮಾಡಬೇಕ್ ನೋಡ್ರಿ" ಎಂದರು ಒಮ್ಮೆ.

ಹರಿಕಥೆ ದಾಸರು ಕತೆಯನ್ನು ತುತ್ತತುದಿಗೆ ತಂದು ಆರತಿ ತಟ್ಟೆ ಕಳಿಸುತ್ತಿದ್ದರಂತೆ. ಕತೆ ತಡೆಯಲು ಬಸಣ್ಣನವರಿಗೆ ತಟ್ಟೆ ಬೇಕಿರಲಿಲ್ಲ, ಕಾಲೇ ಸಾಕಿತ್ತು. "ಹೊಸದಾಗಿ ಬಂದಾಗ ಚೀಲದ ಮ್ಯಾಲೇ ಮಲಗಿದ್ನಿರಿ, ಎಚ್ಚರಾದ್ರ ಲಾರಿ ಹೊಂಟೇಬಿಟ್ಟಿತ್ತ!"

"ಎಲ್ಲಿಗೆ?"

ಆಗಲೇ ಬೆನ್ನು ಕಾಣುತ್ತಿತ್ತು. ಆ ಅರ್ಧ ಸುತ್ತಿನಲ್ಲಿ ನಾನು ಲಾರಿಯನ್ನು ನಾಸಿಕ, ಪುಣೆ, ಕೊನೆಗೆ ವಿಜಯಪುರದ ಅವರ ಮನೆ ಬಾಗಿಲಿಗೇ ಓಡಿಸಿದ್ದೆ.

"ಇಲ್ಲೇ ಬಾಜೂಕ, ಕಲ್ಯಾಣಕ್ಕ!" ಎಂದು ನಗುತ್ತ ದಾಟಿದರು.

ಈಗ ಅವರ ಜೀವನಚರಿತ್ರೆ ನನಗೆ ಸೊಗಸಾಗಿ ನೆನಪಿದೆ. ಆ ಸೊಗಸೇ ಅನುಮಾನ. ಅರ್ಧದಷ್ಟು ಅವರು ಹೇಳಿದ್ದು, ಉಳಿದರ್ಧ ನಾನು ನಡೆಯುತ್ತ ಹೊಲಿದದ್ದು. ಹೊಲಿಗೆ ಎಲ್ಲಿದೆ ಎಂದು ಈಗ ಹುಡುಕಿದರೂ ಸಿಗದು.

ಒಂದು ದಿನ ಅವರು ದೂರದಿಂದಲೇ ಕೈಯೆತ್ತಿದರು. "ಸರ, ಮಗಳ ಕಡೆ ಹೊಂಟೀನಿ, ಡೊಂಬಿವಲಿಗೆ. ಇವತ್ತರ ಈ ಕಡೆ ಹೊಳ್ರಿ, ಕೂಡೇ ಹೋಗೂಣು."

"ಈ ರೌಂಡ್ ಮುಗಿಸಿಬಿಡ್ತೀನಿ ಬಸಣ್ಣ" ಎಂದೆ.

"ಆತ್ರಿ."

ನಾಲ್ಕು ದಿನ ಇದ್ದು ಬರಲು ಹೊರಟಿದ್ದಾರೆಂದುಕೊಂಡೆ. ಆಚೆ ದಡದಲ್ಲಿ ಅವರು ಎದುರಾಗಲಿಲ್ಲ. ನೀರಿನಾಚೆ ಬಂಗಾರದ ಬೆಳಕಿನಲ್ಲಿ ನಿಂತು ಕೈ ಬೀಸಿದರು ಎಂದು ನನ್ನ ನೆನಪು ಹೇಳುತ್ತದೆ. ಸುಳ್ಳಿರಬೇಕು: ಅವತ್ತು ಮಂಜು, ಕನ್ನಡಕ ಜೇಬಿನಲ್ಲಿತ್ತು. ವಾರಗಳಾದವು. ಫ್ಲೆಮಿಂಗೊಗಳೂ ಹೋದವು. ಬಸಣ್ಣ ಬರಲಿಲ್ಲ.

"ಅಷ್ಟು ದಿನ ಮಾತಾಡಿದೀರಿ, ಒಂದು ನಂಬರ್ ಇಸ್ಕೊಳ್ಳಲಿಲ್ವಾ?" ಎಂದಳು ಹೆಂಡತಿ. "ಇನ್ನು ಡೊಂಬಿವಲಿ ಸ್ಟೇಷನ್ನಲ್ಲಿ ನಿಂತು ಬಸಣ್ಣಾ ಅಂತ ಕೂಗಿ. ಲೋಕಲ್ಲಿಂದ ಹತ್ತು ಜನ ಇಳೀತಾರೆ, ಆರಿಸ್ಕೊಳ್ಳಿ."

ಕೂಗಲಿಲ್ಲ. ಆದರೆ ಒಂದು ಭಾನುವಾರ ಏನೋ ನೆಪ ಹೇಳಿ ಅಲ್ಲಿಗೆ ಹೋಗಿ, ಕಣ್ಣಿಗೆ ಬಿದ್ದ ಉದ್ಯಾನದಲ್ಲಿ ಸುತ್ತು ಹಾಕಿದೆ. ನನ್ನ ದಿಕ್ಕಿನಲ್ಲೇ, ಇಲ್ಲದಿದ್ದರೆ ಅವರು ಎದುರು ಬರುವುದು ಹೇಗೆ? ಎದುರು ಬಂದವರೆಲ್ಲ ಸೌಜನ್ಯದವರು. ಒಬ್ಬರೂ ಕತೆ ಹೇಳಲಿಲ್ಲ.

ಸಮಾಧಾನವೊಂದನ್ನು ಕಟ್ಟಿಕೊಂಡಿದ್ದೆ: ಅವತ್ತು ಜೊತೆಗೆ ನಡೆದಿದ್ದರೆ ಇಬ್ಬರೂ ಮುಂದೆ ನೋಡುತ್ತಿದ್ದೆವು, ಎದುರು ನಡೆದದ್ದಕ್ಕೇ ಮುಖ ಕಂಡದ್ದು. ಚೆಂದದ ಮಾತು. ನಿನ್ನೆ ಆ ಮಾತನ್ನು ಮನಸ್ಸಿನಲ್ಲೇ ಉರುಹೊಡೆಯುತ್ತ ಹೋಗುತ್ತಿದ್ದಾಗ, ಈವರೆಗೆ ಹೊಳೆಯದ ಒಂದು ಸಾಧಾರಣ ವಿಷಯ ಹೊಳೆಯಿತು. ಅವರು ತಿರುಗಬೇಕಿರಲಿಲ್ಲ, ನಾನೂ ತಿರುಗಬೇಕಿರಲಿಲ್ಲ. ಸುಮ್ಮನೆ ನಿಲ್ಲಬಹುದಿತ್ತು.

ಹೊಳೆದ ಜಾಗದಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಬರುತ್ತಿದ್ದ ಹುಡುಗಿ ಡಿಕ್ಕಿ ಹೊಡೆಯುವುದು ತಪ್ಪಿ, "ಅಂಕಲ್, ಸೈಡ್ ಮೇ ಹೋ ಜಾವೋ ನಾ!" ಎಂದು ಗದರಿದಳು.

ಬದಿಗೆ ಸರಿದೆ. ಅಲ್ಲಿ ಇಬ್ಬರು ನಿಲ್ಲುವಷ್ಟು ಜಾಗವಿತ್ತು.