ದೇವರ ಕ್ಲಾಸೆಟ್ಟಿನ ಪಕ್ಕದ ವೈನು

ಹ್ಯೂಸ್ಟನ್ನಿಗೆ ಬಂದಿಳಿದ ದಿನ ನನ್ನನ್ನು ಮೊದಲು ಹೆದರಿಸಿದ್ದು ಗ್ಯಾರೇಜು. ಗಂಡ ಗಿರೀಶ ಕಾರಿನಲ್ಲಿ ಕೂತೇ ಒಂದು ಗುಂಡಿ ಒತ್ತಿದ. ಎದುರಿನ ಮನೆಯ ಅರ್ಧ ಮುಖವೇ ಎದ್ದು ಮೇಲಕ್ಕೆ ಹೋಯಿತು. ಕಾರಿನ ಸಮೇತ ನಾವು ಒಳಗೆ ಹೋದೆವು, ಹಿಂದಿನಿಂದ ಆ ಗೋಡೆ ತಾನಾಗಿಯೇ ಇಳಿದು ಮುಚ್ಚಿಕೊಂಡಿತು. ಕಾರಿನ ಬಾಗಿಲು ತೆಗೆದರೆ ಕುಕ್ಕರಿನ ಮುಚ್ಚಳ ತೆಗೆದಾಗ ಮುಖಕ್ಕೆ ಬಡಿಯುವಂಥ ಝಳ, ಕಾದ ರಬ್ಬರಿನ ವಾಸನೆ. ಹೊಸ ಮನೆಗೆ ಬಲಗಾಲಿಟ್ಟು ಹೋಗು ಅಂತ ಅಮ್ಮ ಹೇಳಿ ಕಳಿಸಿದ್ದಳು. ನಾನು ಬಲಗಾಲಿಟ್ಟಿದ್ದು ಎಂಜಿನ್ ಎಣ್ಣೆಯ ಕಲೆಯ ಮೇಲೆ. ಆಮೇಲೆ ಇನ್ನೊಂದು ಸಣ್ಣ ಬಾಗಿಲು ತೆಗೆದ ಗಿರೀಶ, ಅದರಾಚೆ ಹಲ್ಲು ಕಟಕಟ ಅನ್ನುವ ಎಸಿ.

ನಮ್ಮ ಕಡೆ ಮನೆ ಅಂದರೆ ಒಳಗೆ, ಹೊರಗೆ, ನಡುವೆ ಜಗಲಿ. ಜಗಲಿಯಲ್ಲಿ ಕೂತವರಿಗೆ ಗಾಳಿಯಾದರೂ ಬರುತ್ತದೆ, ಬೀದಿಯಾದರೂ ಕಾಣುತ್ತದೆ. ಇಲ್ಲಿನ ಗ್ಯಾರೇಜಿಗೆ ಎರಡೂ ಇಲ್ಲ. ಮನೆಗೆ ಅಂಟಿಕೊಂಡಿದ್ದರೂ ಎಸಿ ಇರುವುದಿಲ್ಲ. ಹ್ಯೂಸ್ಟನ್ನಿನ ಪಕ್ಕದಲ್ಲಿ ನಾವಿರುವ ಕೇಟಿಯಲ್ಲಿ ಬೇಸಿಗೆಯ ಮಧ್ಯಾಹ್ನ ಅಲ್ಲಿ ಸಂಡಿಗೆ ಒಣಗಿಸಬಹುದು. ಒಡೆದ ಸೂಟ್‌ಕೇಸು, ಹಳೆಯ ಟೈರು, ಮೀನು ತಿನ್ನುವ ಗೆಳೆಯರಿಗೆಂದು ತಂದ ಒಲೆ, ಹೀಗೆ ಮನೆಗೆ ಬೇಕಾಗಿಯೂ ಬೇಡವಾದದ್ದೆಲ್ಲ ಅಲ್ಲಿ ಬಿದ್ದಿರುತ್ತದೆ. ಊರಿನಿಂದ ಅಪ್ಪ ಅಮ್ಮ ಬರುತ್ತಾರೆ ಎನ್ನುವ ಹಿಂದಿನ ದಿನ ನಮ್ಮ ಕನ್ನಡದವರ ಮನೆಗಳಲ್ಲಿ ಬಾಟಲಿಗಳೂ ಅಲ್ಲಿಗೇ ವರ್ಗವಾಗುತ್ತವೆ. ಅವರಿರುವ ಆರು ತಿಂಗಳೂ ಮನೆಯ ಮಹಾಶಯರು ಕಾರು ತೊಳೆಯುವ ನೆಪದಲ್ಲಿ ಗ್ಯಾರೇಜಿಗೆ ಹೋಗಿ ಬರುತ್ತಾರೆ. ಇಷ್ಟು ಶುದ್ಧವಾದ ಕಾರುಗಳು ಬೇರೆ ಯಾವ ಸಮಾಜದಲ್ಲೂ ಇರಲಾರವು.

ನನಗೆ ಇದನ್ನು ನೋಡಿ ನಗು ಬರುತ್ತಿತ್ತು, ಏಕೆಂದರೆ ನಾನು ವೈನಿನಿಂದಲೇ ಅನ್ನ ತಿಂದವಳು. ದೊಡ್ಡಬಳ್ಳಾಪುರದವಳು ನಾನು. ನಂದಿಬೆಟ್ಟದ ಬುಡದ ಒಂದು ವೈನ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ದ್ರಾಕ್ಷಿರಸ ಹುದುಗುವುದನ್ನು ದಿನವೂ ಮೂಸಿ, ನಾಲಿಗೆಗೆ ಹಚ್ಚಿ, ಉಗಿದು, ಬರೆದಿಡುವುದು ನನ್ನ ಕೆಲಸ. ವೈನಿನ ಕೆಲಸದವರು ನುಂಗುವುದಿಲ್ಲ, ಉಗಿಯುತ್ತಾರೆ. ಇದನ್ನು ನಮ್ಮ ನೆಂಟರಿಗೆ ನಂಬಿಸುವುದು ನನ್ನಿಂದಾಗಲಿಲ್ಲ. ಅಪ್ಪ ಮಾತ್ರ ಯಾರಾದರೂ ಕೇಳಿದರೆ ಮಗಳು ಜ್ಯೂಸ್ ಫ್ಯಾಕ್ಟರಿಯಲ್ಲಿದ್ದಾಳೆ ಅಂತ ಹೇಳಿ ಮಾತು ಮುಗಿಸುತ್ತಿದ್ದರು.

ಅಮೆರಿಕದಲ್ಲಿ ಈ ಕಷ್ಟ ಇರುವುದಿಲ್ಲ ಅಂದುಕೊಂಡಿದ್ದೆ. ಇಲ್ಲಿನ ದಿನಸಿ ಅಂಗಡಿಯಲ್ಲಿ ಹಾಲು, ಡಯಾಪರಿನ ಸಾಲು ದಾಟಿದರೆ ವೈನಿನ ಸಾಲು. ಭಾನುವಾರ ಚರ್ಚಿನಿಂದ ಬಂದ ಅಜ್ಜಿಯರು ಬಾಳೆಹಣ್ಣಿನ ಜೊತೆ ಒಂದು ಬಾಟಲಿಯನ್ನೂ ಗಾಡಿಯಲ್ಲಿಟ್ಟು ತಳ್ಳಿಕೊಂಡು ಹೋಗುತ್ತಾರೆ. ಆದರೆ ಗಂಡನ ವೀಸಾಕ್ಕೆ ಬಾಲವಾಗಿ ಬಂದವಳಿಗೆ ಕೆಲಸದ ಪರವಾನಗಿ ಇರಲಿಲ್ಲ. ವರ್ಷಗಟ್ಟಲೆ ಕಾದೆ. ಬಸ್ಸಿಲ್ಲದ, ನಡೆಯುವವರಿಲ್ಲದ ಬೀದಿಯನ್ನು ಕಿಟಕಿಯಿಂದ ನೋಡುತ್ತ, ಒಬ್ಬಳೇ ಮಾಡಿದ ಸಾರನ್ನು ಒಬ್ಬಳೇ ರುಚಿ ನೋಡುತ್ತ, ನನ್ನ ಮೂಗು ಸತ್ತೇ ಹೋಗುತ್ತದೆ ಅಂತ ಅಳುತ್ತಿದ್ದೆ. ಕೊನೆಗೆ ಆ ಪರವಾನಗಿಯ ಕಾರ್ಡು ಬಂತು. ಯೂರೋಪಿನಿಂದ ವೈನು ತರಿಸಿ ಹೋಟೆಲುಗಳಿಗೆ ಮಾರುವ ಸಣ್ಣ ಕಂಪನಿಯೊಂದು ನನ್ನನ್ನು ತೆಗೆದುಕೊಂಡಿತು. ಡ್ಯಾಲಸ್, ಹ್ಯೂಸ್ಟನ್, ಆಸ್ಟಿನ್ನಿನ ನಡುವೆ ಸ್ಯಾಂಪಲ್ ಬಾಟಲಿಗಳನ್ನು ಐಸ್‌ಪೆಟ್ಟಿಗೆಯಲ್ಲಿಟ್ಟುಕೊಂಡು ಡ್ರೈವ್ ಮಾಡುವ ಕೆಲಸ. ಕನ್ನಡ ಕೂಟದಲ್ಲಿ ಯಾವ ಕಂಪನಿ ಅಂತ ಕೇಳಿದವರಿಗೆ ಇಂಪೋರ್ಟ್ಸ್ ಅಂತ ಹೇಳಿದೆ. ಹಾಗಾದರೆ ತೊಗರಿಬೇಳೆ ಕಡಿಮೆಗೆ ಸಿಗುತ್ತಾ ಅಂತ ಒಬ್ಬ ಆಂಟಿ ಕೇಳಿದರು. ಅಪ್ಪನ ಜ್ಯೂಸ್ ಫ್ಯಾಕ್ಟರಿ ನನ್ನ ಬಾಯಿಗೂ ಬಂದಿತ್ತು.

ನಮ್ಮ ಕಂಪನಿ ತರಿಸುತ್ತಿದ್ದದ್ದು ಆಲ್ಪ್ಸ್ ಪರ್ವತದ ಕಣಿವೆಗಳ ಕೆಂಪು ವೈನು, ಅದೂ ಸಾವಯವದ ಹಾದಿ ಹಿಡಿದ ಎಳೆಯ ವಯಸ್ಸಿನವರು ಮಾಡಿದ್ದು. ಅವರಲ್ಲಿ ಲೇನಾ ಎನ್ನುವ ಹುಡುಗಿ, ಇಟಲಿಯ ಉತ್ತರದ ತುದಿಯವಳು. ಅವಳ ತೋಟ ಎಷ್ಟು ಕಡಿದಾಗಿದೆಯೆಂದರೆ ವಿಡಿಯೋದಲ್ಲಿ ನೋಡುವಾಗಲೇ ನನಗೆ ತಲೆ ಸುತ್ತುತ್ತಿತ್ತು. ಅವಳ ಮನೆಯವರು ತಲೆಮಾರುಗಳಿಂದ ದ್ರಾಕ್ಷಿಯನ್ನು ಸಹಕಾರ ಸಂಘಕ್ಕೆ ಹಾಕುತ್ತಿದ್ದವರು. ಇವಳು ಔಷಧಿ ಹೊಡೆಯುವುದನ್ನು ನಿಲ್ಲಿಸಿ, ಸಾಲಿನ ನಡುವೆ ಕುರಿ ಬಿಟ್ಟು, ತನ್ನ ಹಣ್ಣಿನ ವೈನನ್ನು ತಾನೇ ಮಾಡಿ ತನ್ನದೇ ಚೀಟಿ ಅಂಟಿಸಿದಳು. ಚೀಟಿಯಲ್ಲಿ ಬಂಡೆಯ ಮೇಲೆ ನಿಂತ ಒಂದು ಆಡು, ಅವಳೇ ಬರೆದದ್ದು. ಅವಳಪ್ಪ ಅವಳೊಡನೆ ಮಾತು ಬಿಟ್ಟಿದ್ದ. ಆ ಭಾಗದ ಸ್ಕಿಯಾವ ಎನ್ನುವ ತಳಿಯ ದ್ರಾಕ್ಷಿ ಅದು. ಬಣ್ಣ ತೆಳು, ದಾಳಿಂಬೆ ರಸದ ಹಾಗೆ. ಮೊದಲ ಸಲ ಬಾಯಿಗೆ ಹಾಕಿಕೊಂಡಾಗ ನೇರಳೆಹಣ್ಣು ತಿಂದ ನಾಲಿಗೆಯ ಒಗರು, ಅದರ ಹಿಂದೆ ಮಳೆ ಬಿದ್ದ ಕಲ್ಲಿನ ತಂಪು. ಉಗಿಯಲು ಮನಸ್ಸಾಗದೆ ನುಂಗಿಬಿಟ್ಟೆ.

ಆಸ್ಟಿನ್ನಿನ ಒಂದು ರೆಸ್ಟೋರೆಂಟಿನವರು ಒಪ್ಪಿದರೆ ಅವಳ ಅಷ್ಟೂ ವೈನು ಟೆಕ್ಸಸ್ಸಿಗೆ ಬರುತ್ತಿತ್ತು. ಒಪ್ಪದಿದ್ದರೆ ಈ ಸಲದ ಹಣ್ಣು ಮತ್ತೆ ಸಂಘಕ್ಕೆ. ಅವರನ್ನು ಒಪ್ಪಿಸಿದರೆ ಆಸ್ಟಿನ್ನಿನ ಕೆಲಸ ನನಗೇ ಕಾಯಂ ಮಾಡುವುದಾಗಿ ಬಾಸ್ ಹೇಳಿದ್ದರು. ವಿಮಾನದಲ್ಲಿ ಒಂದೇ ಪೆಟ್ಟಿಗೆ ಸ್ಯಾಂಪಲ್ ಬಂತು. ಬೇಸಿಗೆ ಕಳೆಯುವವರೆಗೆ ಇನ್ನು ಬರುವಂತಿರಲಿಲ್ಲ. ವೈನು ಕೆಡದಿರಲಿ ಅಂತ ಎಲ್ಲರೂ ಚೂರು ಗಂಧಕ ಸೇರಿಸುತ್ತಾರೆ, ಲೇನಾ ಸೇರಿಸುತ್ತಿರಲಿಲ್ಲ. ಹಾಗಾಗಿ ಅವಳ ವೈನು ಹಾಲಿದ್ದ ಹಾಗೆ, ಬಿಸಿ ತಾಗಿದರೆ ಮುಗಿಯಿತು. ಆ ಪೆಟ್ಟಿಗೆಯನ್ನು ನಾನು ಮನೆಯ ಅತಿ ತಂಪಾದ ಜಾಗದಲ್ಲಿಟ್ಟೆ. ಇಲ್ಲಿ ಗೋಡೆಯೊಳಗೇ ಸಣ್ಣ ಕೋಣೆಯಂಥ ಕಪಾಟು ಇರುತ್ತದೆ, ಕ್ಲಾಸೆಟ್ ಅಂತಾರೆ. ಮೆಟ್ಟಿಲ ಕೆಳಗೆ ಅಂಥವು ಎರಡಿದ್ದವು. ಒಂದರಲ್ಲಿ ನಮ್ಮ ದೇವರು, ಅದರ ಪಕ್ಕದ್ದರಲ್ಲಿ ಲೇನಾಳ ವೈನು.

ಆಗ ಹುಬ್ಬಳ್ಳಿಯಿಂದ ಅತ್ತೆ ಬಂದಿದ್ದರು. ನನ್ನ ಕೆಲಸದ ಬಗ್ಗೆ ಅವರು ಒಂದು ದಿನವೂ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಡುತ್ತಿದ್ದರು, ಸಂಜೆ ಬಂದರೆ ಚಹಾ ಕೊಡುತ್ತಿದ್ದರು. ಒಳ್ಳೆಯ ಜೀವ. ನಾನು ಡ್ಯಾಲಸ್ಸಿನ ಸುತ್ತಾಟಕ್ಕೆ ಹೋಗಿದ್ದಾಗ ಹುಣ್ಣಿಮೆ ಬಂತು. ಸತ್ಯನಾರಾಯಣ ಪೂಜೆ ಮಾಡಿಸೋಣ ಅಂತ ಅವರಿಗೆ ಅನ್ನಿಸಿತು. ಪೇರ್ಲ್ಯಾಂಡಿನಿಂದ ಪುರೋಹಿತರು ಬಂದರು, ಸಪಾದ ಭಕ್ಷ್ಯದ ಘಮಕ್ಕೆ ಪಕ್ಕದ ಮನೆಯವರು ಬಂದು ಏನದು ಅಂತ ಕೇಳಿಕೊಂಡು ಹೋದರು, ಗಿರೀಶ ನನಗೆ ಫೋಟೋ ಕಳಿಸಿದ. ಡ್ಯಾಲಸ್ ಪಕ್ಕದ ಸೌತ್‌ಲೇಕಿನ ಒಂದು ಹೋಟೆಲಿನ ಪಾರ್ಕಿಂಗಿನಲ್ಲಿ ಕೂತು ಫೋಟೋಕ್ಕೆ ಕೈ ಮುಗಿದೆ. ಆಸ್ಟಿನ್ ಕೆಲಸ ಆಗಲಪ್ಪ ಅಂತ ಬೇಡಿಕೊಂಡೆ. ಮನೆಗೆ ಬಂದಾಗ ಪೆಟ್ಟಿಗೆ ಇಟ್ಟಲ್ಲೇ ಇತ್ತು, ಬಾಟಲಿಗಳು ತಣ್ಣಗಿದ್ದವು. ಹಾಗೇ ಎತ್ತಿಕೊಂಡು ಆಸ್ಟಿನ್ನಿಗೆ ಹೊರಟೆ.

ಅಲ್ಲಿ ಬಾಸ್ ಕೂಡ ಬಂದಿದ್ದರು. ರೆಸ್ಟೋರೆಂಟಿನ ವೈನು ಆರಿಸುವ ಹೆಂಗಸು ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಕೆಳಗಿಟ್ಟಳು. ಇನ್ನೊಂದು ಬಾಟಲಿ ತೆಗೆಯಲು ಹೇಳಿದಳು. ಅದನ್ನೂ ಮೂಸಿ ಇಟ್ಟಳು. ಅಷ್ಟರಲ್ಲಿ ನನ್ನ ಮೂಗಿಗೂ ಬಡಿದಿತ್ತು. ನೇರಳೆ ಇಲ್ಲ, ತಂಪಿಲ್ಲ. ಒಲೆಯ ಮೇಲೆ ಮರೆತ ಒಣದ್ರಾಕ್ಷಿಯ ಪಾಯಸದ ವಾಸನೆ, ಬಾಯಿಗಿಟ್ಟರೆ ಹುಳಿ.

"ಇದು ಎಲ್ಲೋ ಬೆಂದುಬಿಟ್ಟಿದೆ," ಅಂದಳು ಆಕೆ, ಬೈಗುಳದ ಸ್ವರದಲ್ಲಲ್ಲ, ಸಾವಿನ ಮನೆಯಲ್ಲಿ ಮಾತಾಡುವ ಸ್ವರದಲ್ಲಿ.

ಬಾಸ್ ನನ್ನ ಮುಖ ನೋಡಿದರು. ನಾನು ಉಳಿದ ಬಾಟಲಿಗಳನ್ನು ಮತ್ತೆ ಪೆಟ್ಟಿಗೆಗೆ ತುಂಬಿದೆ.

ಮನೆಗೆ ಬಂದು ಗಿರೀಶನನ್ನು ಕೇಳಿದೆ. ಮುಚ್ಚಿಡುವಂಥದ್ದೇನೂ ಅವನಿಗೆ ಕಂಡಿರಲಿಲ್ಲ. ಪೂಜೆಗೆ ಮನೆ ತೊಳೆಯುವಾಗ ಗ್ಯಾರೇಜಿಗೆ ಇಟ್ಟಿದ್ದೆ, ನೀನು ಬರೋದರೊಳಗೆ ವಾಪಸ್ ಇಟ್ಟೆ ಅಂದ. "ಎರಡು ದಿನ ಅಷ್ಟೇ. ಒಡೀಬಾರದು ಅಂತ ಕೆಳಗೆ ನಿನ್ನ ಯೋಗಾ ಮ್ಯಾಟ್ ಬೇರೆ ಹಾಸಿದ್ದೆ."

ಅವನು ನಿಜವಾಗಿ ಜೋಪಾನ ಮಾಡಿದ್ದ. ಅದೇ ನನಗೆ ತಡೆದುಕೊಳ್ಳಲಾಗಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ, ನಾನು ಯಾತಕ್ಕೆ ಐಸ್‌ಪೆಟ್ಟಿಗೆ ಹೊತ್ತು ತಿರುಗುತ್ತೇನೆ ಅಂತ ಅವನಿಗೆ ತಿಳಿದಿರಲಿಲ್ಲ. ನಾನು ಜೋರಾಗಿ ಅತ್ತುಬಿಟ್ಟೆ. ಅಳು ಕೇಳಿ ಅತ್ತೆ ಅಡುಗೆಮನೆಯಿಂದ ಬಂದರು.

"ನಾನ ಹೇಳಿದ್ನೆವಾ ಅವಗ, ದೇವರ ಬಾಜೂಕ ಅದು ಬ್ಯಾಡ ಅಂತ," ಅಂದರು. ಆಮೇಲೆ ಅರ್ಥವಾಗದೆ ಕೇಳಿದರು, "ಅದು ಮದಲ ಕೊಳೆತ ರಸ. ಕೊಳೆತದ್ದು ಮತ್ತ ಹೆಂಗ ಕೆಡ್ತದ?"

ಅದರಲ್ಲಿ ಕುಹಕವಿರಲಿಲ್ಲ. ನನಗೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಕೆಟ್ಟದ್ದಕ್ಕೂ ಹುದುಗಿದ್ದಕ್ಕೂ ಇರುವ ವ್ಯತ್ಯಾಸ ಹೇಳಿಕೊಡುವುದೇ ನನ್ನ ಕಸುಬಾಗಿತ್ತು, ಟೆಕ್ಸಸ್ಸಿನ ತುಂಬ ಅದನ್ನೇ ಹೇಳಿಕೊಂಡು ತಿರುಗಿದ್ದೆ. ಮನೆಯಲ್ಲಿ, ದಿನವೂ ದೋಸೆ ಹಿಟ್ಟು ಹುದುಗಿಸುವ ಹೆಂಗಸಿಗೆ, ಒಂದು ದಿನವೂ ಹೇಳಿರಲಿಲ್ಲ.

ಲೇನಾಗೆ ನಾನೇ ಹೇಳುತ್ತೇನೆ ಅಂದೆ ಬಾಸ್‌ಗೆ. ವಿಡಿಯೋದಲ್ಲಿ ಅವಳ ಹಿಂದೆ ಬೆಟ್ಟ ಕಾಣುತ್ತಿತ್ತು, ತುದಿಯಲ್ಲಿ ಇನ್ನೂ ಹಿಮ. ದಾರಿಯಲ್ಲಿ ಲಾರಿ ಕೆಟ್ಟಿತು ಅಂತ ಸುಳ್ಳು ಹೇಳಬಹುದಿತ್ತು. ಪೂಜೆ, ಮಡಿ, ಗ್ಯಾರೇಜು ಎಲ್ಲ ನನ್ನ ಅರೆಬರೆ ಇಂಗ್ಲಿಷಿನಲ್ಲಿ ಅವಳ ಅರೆಬರೆ ಇಂಗ್ಲಿಷಿಗೆ ವಿವರಿಸಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ನಮ್ಮೂರಲ್ಲಿ ಮೊದಲ ಬಾಟಲಿ ಚರ್ಚಿಗೆ ಹೋಗುತ್ತೆ, ದೇವರ ಮುಂದೆ ಇಡುತ್ತೇವೆ. ನಿಮ್ಮ ದೇವರಿಗೆ ಯಾಕೆ ಬೇಡ?"

ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಯ ಹಿಂದೆ ಮುನೇಶ್ವರನ ಗುಡಿಯಿದೆ. ಅಲ್ಲಿ ಸಾರಾಯಿ ಇಟ್ಟು, ಬೀಡಿ ಹಚ್ಚಿಟ್ಟು ಕೈ ಮುಗಿಯುತ್ತಾರೆ. ಅಂಥ ದೇವರೂ ನಮ್ಮಲ್ಲಿದ್ದಾನೆ ಅಂತ ಅವಳಿಗೆ ಹೇಳಬೇಕೆನಿಸಿತು. ಆದರೆ ಅವನನ್ನು ನಾನು ಕೇಟಿಗೆ ಕರೆತಂದಿರಲಿಲ್ಲ. ಇಲ್ಲಿನ ಕ್ಲಾಸೆಟ್ಟಿನಲ್ಲಿ ಇದ್ದವರೆಲ್ಲ ಹುಬ್ಬಳ್ಳಿಯವರು. ನಾನು ಗೊತ್ತಿಲ್ಲ ಅಂದೆ. ಅವಳು ಪರವಾಗಿಲ್ಲ ಅಂದಳು. ಆ ಶರತ್ಕಾಲದಲ್ಲಿ ಅವಳ ಹಣ್ಣು ಸಂಘಕ್ಕೆ ಹೋಯಿತು. ಕುರಿಗಳನ್ನು ಕೊಟ್ಟುಬಿಟ್ಟೆ, ಅಪ್ಪ ಈಗ ಮಾತಾಡುತ್ತಾನೆ ಅಂತ ಒಂದು ಸಾಲಿನ ಮೆಸೇಜು ಬಂತು. ಅದಾದ ಮೇಲೆ ಏನೂ ಬರಲಿಲ್ಲ.

ಬಾಸ್ ನನ್ನನ್ನು ಬೈಯಲಿಲ್ಲ. ಆಸ್ಟಿನ್ನಿಗೆ ಬೇರೆಯವರು ಹೋಗತೊಡಗಿದರು, ಆಮೇಲೆ ಡ್ಯಾಲಸ್ಸಿಗೂ. ಆಮೇಲೆ ನನ್ನನ್ನು ಕರೆಯುವುದೇ ನಿಂತಿತು.

ಉಳಿದ ಬಾಟಲಿಗಳನ್ನು ಒಂದು ಬೆಳಿಗ್ಗೆ ಸಿಂಕಿಗೆ ಸುರಿದೆ. ಕೆಂಪು ತಿರುಗಿ ತಿರುಗಿ ಇಳಿದು ಹೋಗುವುದನ್ನು ನೋಡುತ್ತ ನಿಂತಿದ್ದಾಗ ಅತ್ತೆ ಪಕ್ಕಕ್ಕೆ ಬಂದರು.

"ಬಾಟ್ಲಿ ಒಗೀಬ್ಯಾಡವಾ, ಎಷ್ಟ್ ಛಂದ ಅದಾವ ನೋಡು. ಆಡು ನೋಡು, ಹೆಂಗ ನಿಂತದ," ಅಂದರು. "ಖಾಲಿ ಆತಲ್ಲ, ಇನ್ನೇನ್ ಮೈಲಿಗಿ?"

ಚೀಟಿ ನೆನೆಯದಂತೆ ಒಂದೊಂದನ್ನೇ ತೊಳೆದರು. ನೀರು ತುಂಬಿ ಮನಿಪ್ಲಾಂಟಿನ ಕಡ್ಡಿ ಇಟ್ಟರು. ಒಂದು ಅಡುಗೆಮನೆಯ ಕಿಟಕಿಗೆ ಬಂತು, ಒಂದು ಊಟದ ಮೇಜಿಗೆ. ಎಲ್ಲಕ್ಕಿಂತ ಚೆನ್ನಾಗಿ ಚಿಗುರಿದ್ದನ್ನು ದೇವರ ಕ್ಲಾಸೆಟ್ಟಿನೊಳಗೆ, ನಂದಾದೀಪದ ಪಕ್ಕ ಇಟ್ಟರು. ಆಮೇಲೆ ಅವರು ಹುಬ್ಬಳ್ಳಿಗೆ ವಾಪಸಾದರು.

ಈಗ ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಯುತ್ತಿದ್ದೇನೆ. ಇಲ್ಲಿನ ನಮ್ಮ ಹೆಂಗಸರು ಹೆಚ್ಚಿನವರು ಕಲಿಯುವುದೇ ಅದನ್ನು. ಗಿರೀಶ ಖುಷಿಯಾಗಿದ್ದಾನೆ. ಅಪ್ಪ ನೆಂಟರಿಗೆಲ್ಲ ಫೋನ್ ಮಾಡಿ, ಮೊದಲ ಸಲ, ನನ್ನ ಕೆಲಸದ ಹೆಸರನ್ನು ಇದ್ದಹಾಗೆ ಹೇಳುತ್ತಿದ್ದಾರೆ. ಕನ್ನಡ ಕೂಟದಲ್ಲಿ ನನಗೀಗ ತಡವರಿಸುವ ಅಗತ್ಯವಿಲ್ಲ. ಊರಿಗೆ ವಾಪಸ್ ಬಂದುಬಿಡಲೇ ಅಂತ ಎಷ್ಟೋ ಸಲ ಅನ್ನಿಸುತ್ತದೆ. ಬಂದರೆ ಅಲ್ಲಿ ಏನು ಕೆಲಸ ಮಾಡುತ್ತಿದ್ದೆ ಅಂತ ಊರಿನವರಾದ ನೀವೂ ಕೇಳುತ್ತೀರಿ, ನಾನೂ ಜ್ಯೂಸ್ ಫ್ಯಾಕ್ಟರಿ ಅಂತಲೇ ಹೇಳಬೇಕು.

ಶುಕ್ರವಾರ ದೇವರ ಪಾತ್ರೆ ತೊಳೆಯುವಾಗ ಆ ಬಾಟಲಿಯ ನೀರನ್ನೂ ಬದಲಿಸುತ್ತೇನೆ. ಹಳೆಯ ನೀರು ಚೆಲ್ಲಿ, ಹೊಸದು ತುಂಬುವ ಮೊದಲು, ಯಾರೂ ಇಲ್ಲದಿದ್ದರೆ, ಬಾಟಲಿಯ ಬಾಯಿಗೆ ಮೂಗು ಹಿಡಿದು ಕಣ್ಣು ಮುಚ್ಚಿ ಮೂಸುತ್ತೇನೆ. ಮೊದಮೊದಲು ಎಲ್ಲೋ ತಳದಲ್ಲಿ ಒಂದಿಷ್ಟು ನೇರಳೆ ಇದ್ದ ಹಾಗಿತ್ತು. ಈಗ ಬರೀ ಊದುಬತ್ತಿ ವಾಸನೆ.