ಗೋಪುರದ ಮೇಲೆ ಅಪ್ರದಕ್ಷಿಣೆ

ಲಿಫ್ಟಿನ ಬಾಗಿಲು ತೆರೆದಾಗ ನನ್ನ ಎರಡೂ ಕಿವಿ ಕಟ್ಟಿಹೋಗಿದ್ದವು. ಎದುರಿಗೆ ಗೋಡೆಯೇ ಇಲ್ಲ, ಬರೀ ಗಾಜು; ಅದರಾಚೆ ಮೋಡ. "ಅಯ್ಯೋ ದೇವರೇ!" ಎಂದು ಯಜಮಾನರ ತೋಳು ಹಿಡಿದುಕೊಂಡೆ. ನಮ್ಮ ಆವನಿ ಬೆಟ್ಟ ಹತ್ತುವಾಗ ಎತ್ತರ ಎಷ್ಟೆಂದು ಕಾಲಿಗೇ ಗೊತ್ತಾಗುತ್ತಿತ್ತು. ಇಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೌಲಾಲಂಪುರವೆಲ್ಲ ಕೆಳಗಿತ್ತು. ಗೋಪುರಕ್ಕೆ ಇಲ್ಲಿನವರು 'ಮೆನಾರಾ' ಎನ್ನುತ್ತಾರೆ. ಅದರ ಬುಡದಲ್ಲಿ ಅಂಗಡಿ, ಹೋಟೆಲು, ಮೀನುಗಳ ಪ್ರದರ್ಶನ, ಒಂದು ಪೇಟೆಯೇ ಇದೆ.

ಯಜಮಾನರು ಈ ಊರಿನ ಒಂದು ದೇವಸ್ಥಾನದಲ್ಲಿ ಅರ್ಚಕರು. ಮೂರು ವರ್ಷದ ಕರಾರು ಮುಗಿಯುತ್ತಿತ್ತು. ಮುಂದುವರಿಯುತ್ತೀರೋ, ಊರಿಗೆ ಹೊರಡುತ್ತೀರೋ ಎಂದು ಕಮಿಟಿಯವರಿಗೆ ಅಂದು ಸಂಜೆಯೊಳಗೆ ಹೇಳಬೇಕಿತ್ತು. ಅವರಿಗೆ ಊರೇ ಬೇಕು. ನನಗೆ ಬೇಡ. ಅಲ್ಲಿ ನಾನು 'ಐನೋರ ಮನೆಯೋರು', ಅಷ್ಟೇ. ಇಲ್ಲಿ ಶಿಶುವಿಹಾರದಲ್ಲಿ ಕೆಲಸವಿದೆ, ಒಬ್ಬಳೇ ರೈಲು ಹತ್ತುತ್ತೇನೆ. ಮೊದಲ ವರ್ಷ ನಲ್ಲಿ ಬಿಟ್ಟುಕೊಂಡು ಬಚ್ಚಲಲ್ಲಿ ಅತ್ತವಳೂ ನಾನೇ. ದೇವಸ್ಥಾನಕ್ಕೆ ಬರುವ ತೆಲುಗರ ಜೊತೆ ನಮ್ಮ ಮುಳಬಾಗಿಲ ತೆಲುಗು ಸ್ವಲ್ಪ ದಿನ ಕೈ ಹಿಡಿಯಿತು, ಆಮೇಲೆ ಶಿಶುವಿಹಾರದ ಮಕ್ಕಳೇ ಮಲಯ್ ಕಲಿಸಿದರು. 'ಪಿಸಾಂಗ್' ಎಂದು ಕೇಳಿ ಬಾಳೆಹಣ್ಣು ತಂದ ದಿನ ರಾಜ್ಯ ಗೆದ್ದಷ್ಟು ಖುಷಿ. ಅವರೆಕಾಯಿ ಮಾತ್ರ ಸಿಗುವುದಿಲ್ಲ, ಆ ಸಂಕಟ ಬೇರೆ.

ಮೇಲಿನ ಅಂತಸ್ತು ದುಂಡಗಿತ್ತು. ನಡುವಿನ ಲಿಫ್ಟುಗಳನ್ನು ಎಡಕ್ಕಿಟ್ಟುಕೊಂಡು ಸುತ್ತಬೇಕೆಂದು ನೆಲದ ಮೇಲೆ ಬಾಣದ ಗುರುತು. ಎಲ್ಲರೂ ಹಾಗೇ ಹೊರಟರು. ಯಜಮಾನರು ನಿಂತೇಬಿಟ್ಟರು.

"ಇದೇನೇ, ಅಪ್ರದಕ್ಷಿಣೆ! ನಾನ್ ಬರಲ್ಲ."

"ರೀ, ಇದು ದೇವಸ್ಥಾನ ಅಲ್ಲ ಕಣ್ರೀ. ನಡೀರಿ, ಮಾನ ಕಳೀಬೇಡಿ."

"ಮೂವತ್ತು ವರ್ಷ ದೇವರನ್ನ ಬಲಕ್ಕಿಟ್ಕೊಂಡು ಸುತ್ತಿದ ಕಾಲಿದು. ಎಡಕ್ಕೆ ತಿರುಗಲ್ಲ ಅನ್ನುತ್ತೆ, ನಾನೇನ್ ಮಾಡ್ಲಿ?"

ಹೇಳಿದವರೇ ಜನಕ್ಕೆ ಎದುರಾಗಿ ಹೊರಟರು. ಫೋಟೋ ತೆಗೆಯುವವರಿಗೆ ಢಿಕ್ಕಿ, ಮಕ್ಕಳ ಗಾಡಿಗೆ ಅಡ್ಡ. ಕಾವಲುಗಾರ ಬಂದು ನಗುತ್ತಲೇ "ಸಾನ, ಸಾನ" ಎಂದ. ಆ ಕಡೆ ಹೋಗಿ ಎಂದರ್ಥ. ನಾಚಿಕೆಯಿಂದ ನನ್ನ ಮೈಯೆಲ್ಲ ಉರಿಯಿತು. ಅವನಿಗೆ ಮಲಯ್‌ನಲ್ಲಿ ಕ್ಷಮೆ ಕೇಳಿ, ಇವರನ್ನು ಗಾಜಿನ ಹತ್ತಿರ ಎಳೆದು ನಿಲ್ಲಿಸಿದೆ.

ಇವರು ಕೆಳಗೆ ನೋಡುತ್ತಾ ನಿಂತರು. ಬೆಟ್ಟದ ಮೇಲಿಂದ ಇದು ಯಾರ ತೋಟ, ಅದು ಯಾವ ಕೆರೆ ಎಂದು ಬೆರಳು ಮಾಡಿ ಹೇಳುತ್ತಿದ್ದವರಿಗೆ ಇಲ್ಲಿ ನಾವಿರುವ ಬೀದಿಯೂ ಗುರುತು ಹತ್ತಲಿಲ್ಲ.

"ಸಂಜೆ ಏನ್ ಹೇಳ್ಲಿ ಅವ್ರಿಗೆ?" ಎಂದರು. "ನೀನೇ ಹೇಳೇ. ನೀನಂದಂಗೆ ಮಾಡೋಣ."

ಎಷ್ಟು ದಿನದಿಂದ ಕಾದಿದ್ದೆ ಈ ಮಾತಿಗೆ! ಕೋಪವೂ ಇನ್ನೂ ಆರಿರಲಿಲ್ಲ. "ಇಲ್ಲೇ ಇರೋಣ" ಎಂದುಬಿಟ್ಟೆ.

"ಆಯ್ತು."

ಪಂಚೆ ಸರಿಮಾಡಿಕೊಂಡರು, ಬಾಣದ ಗುರುತು ನೋಡಿದರು, ಜನರ ಜೊತೆ ಎಡಕ್ಕೆ ಹೊರಟರು.

ಗೆದ್ದವಳು ನಾನು. ಆದರೂ ಎಡಕ್ಕೆ ತಿರುಗಲ್ಲ ಎಂದಿದ್ದ ಕಾಲು ನನ್ನ ಒಂದು ಮಾತಿಗೆ ತಿರುಗಿದ್ದನ್ನು ನೋಡಲಾಗಲಿಲ್ಲ. "ರೀ" ಎಂದು ಕೂಗಿದೆ. ಕೇಳಿಸಲಿಲ್ಲವೋ ಏನೋ, ತಿರುಗಲಿಲ್ಲ. ಅವರ ಹಿಂದೆ ಹೋಗಲು ನನಗೆ ಕಾಲೇ ಬರಲಿಲ್ಲ. ಎದುರು ಬರುವವರಿಗೆಲ್ಲ ಕ್ಷಮೆ ಕೇಳುತ್ತಾ ಬಲಕ್ಕೆ ಒಬ್ಬಳೇ ನಡೆಯತೊಡಗಿದೆ. ಅರ್ಧ ಸುತ್ತಿಗೆ ಅವರು ಎದುರಾಗುತ್ತಾರೆ. ಆಗ ಯಾವ ಮುಖ ಇಟ್ಟುಕೊಂಡು ಅವರ ಮುಂದೆ ನಿಲ್ಲಲಿ?